ಮೇಣದ ವೀರಾಚಾರಿಯೂ ಹಿಟ್ಟಿನ ಹೆಬ್ಬೆರಳೂ

ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ. ಇದು ಕಿವಿಯ ಕಥೆ, ದೂರ ಕೂತವರಿಗೆ ದಕ್ಕುವುದಿಲ್ಲ. ಬಹಳ ಹಿಂದೆ, ನಿಮ್ಮ ಮುತ್ತಾತನಿಗೂ ಹಲ್ಲು ಮೂಡಿರದ ಕಾಲದಲ್ಲಿ, ಸಂಪಿಗೆಕೊಪ್ಪಲು ಅಂತ ಒಂದೂರಿತ್ತಂತೆ. ಆ ಊರಲ್ಲಿ ಮೇಣದ ವೀರಾಚಾರಿ ಅಂತ ಒಬ್ಬನಿದ್ದನಂತೆ. ವೀಣೆಗೆ ಮೆಟ್ಟಿಲು ಕೂರಿಸುವುದು ಅವನ ಕಸುಬು.

ವೀಣೆಯ ದಂಡಿಯ ಮೇಲೆ ಅಡ್ಡಡ್ಡ ಕಂಚಿನ ಪಟ್ಟಿಗಳಿರುತ್ತವಲ್ಲ, ಅವೇ ಮೆಟ್ಟಿಲು. ಅವಕ್ಕೆ ಮೊಳೆ ಹೊಡೆಯುವುದಿಲ್ಲ. ಜೇನುಮೇಣಕ್ಕೆ ಇದ್ದಿಲಪುಡಿ ಬೆರೆಸಿ, ಕೆಂಡದ ಮೇಲೆ ಬಿಸಿ ಮಾಡಿ, ಆ ಕರಿಮೇಣದ ಮೇಲೆ ಒಂದೊಂದೇ ಪಟ್ಟಿ ಇಟ್ಟು, ತಂತಿ ಮೀಟಿ ಕಿವಿಗೊಡಬೇಕು. ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸಿ, ಸ್ವರ ಸಿಕ್ಕಿದ ಕಡೆ ನಿಲ್ಲಿಸಬೇಕು. ಮೇಣ ಆರಿ ಗಟ್ಟಿಯಾಯಿತೋ, ಮುಗಿಯಿತು. ಸ್ವರ ಎಲ್ಲಿ ಕೂತಿತೋ ಅಲ್ಲೇ.

ವೀರಾಚಾರಿಯ ಕಿವಿ ಎಂಥ ಕಿವಿ ಅಂತೀರಿ! ಕುಂಬಾರರ ಕೇರಿಯಲ್ಲಿ ನಡೆದು ಹೋಗುತ್ತ ಬೆರಳಲ್ಲಿ ಮಡಕೆ ತಟ್ಟಿ, ಇದು ಇನ್ನೊಂದು ಸಂತೆ ನೋಡುವುದಿಲ್ಲ ಅನ್ನುತ್ತಿದ್ದನಂತೆ. ಅದು ಅಷ್ಟರಲ್ಲೇ ಒಡೆಯುತ್ತಿತ್ತಂತೆ. ಒಂದು ಹಸು ಅಂಬಾ ಅಂದಿದ್ದಕ್ಕೆ, ಶ್ರುತಿ ಇಳಿದಿದೆ, ಮೈ ಮುಟ್ಟಿ ನೋಡಿ ಅಂದನಂತೆ. ನೋಡಿದರೆ ಕೆಂಡದಂಥ ಜ್ವರ! ಜೇನ್ನೊಣಗಳೇ ಬಂದು ಅವನ ಜಗಲಿಗೆ ಮೇಣ ಇಟ್ಟು ಹೋಗುತ್ತಿದ್ದವು ಅಂತಲೂ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಮಿಕ್ಕಿದ್ದನ್ನೆಲ್ಲ ನಂಬುತ್ತೇನೆ.

ಆ ಸೀಮೆಗೆ ಹೊಳೆಗೋಟೆಯ ನಾಯಕ ಒಡೆಯ. ಅವನು ದೂರದ ಗುಡ್ಡಸೀಮೆಯಿಂದ ಹೊನ್ನಾಜಮ್ಮ ಅನ್ನುವ ಹುಡುಗಿಯನ್ನು ಮದುವೆಯಾಗಿ ಕರೆತಂದನಂತೆ. ಆಕೆಯ ಜೊತೆ ತೌರಿನ ವೀಣೆಯೂ ಬಂತು. ಬಂದದ್ದು ಸುಡುಬೇಸಗೆಯಲ್ಲಿ, ತೆರೆದ ಗಾಡಿಯಲ್ಲಿ! ಬಿಸಿಲಿಗೆ ಮೇಣ ಕರಗಿ, ಗಾಡಿಯ ಕುಲುಕಾಟಕ್ಕೆ ಮೆಟ್ಟಿಲುಗಳೆಲ್ಲ ಕದಲಿ, ಕೋಟೆ ಮುಟ್ಟುವ ಹೊತ್ತಿಗೆ ಒಂದೂ ತನ್ನ ಜಾಗದಲ್ಲಿರಲಿಲ್ಲವಂತೆ.

ನಾಯಕ ವೀರಾಚಾರಿಗೆ ಹೇಳಿಕಳಿಸಿದ. ವೀರಾಚಾರಿ ಬಂದ, ಕೆಂಡ ಕೇಳಿದ, ಮೇಣ ಕಾಯಿಸಿದ, ಮೆಟ್ಟಿಲು ಕೂರಿಸಿದ. ಕೋಟೆಯವರೆಲ್ಲ ಭೇಷ್ ಅಂದರು. ಹೊನ್ನಾಜಮ್ಮ ವೀಣೆ ತೊಡೆಗೇರಿಸಿಕೊಂಡು ನುಡಿಸಿದಳು, ಅರ್ಧಕ್ಕೇ ನಿಲ್ಲಿಸಿದಳು, ಕಣ್ಣಲ್ಲಿ ನೀರು ತಂದುಕೊಂಡಳು.

"ಆಚಾರ್ರೇ, ವೀಣೆ ಚೆಂದಾಗೇ ಅದೆ. ಆದ್ರೆ ಇದು ನಮ್ಮವ್ವನ ಪದ ಅಲ್ಲ."

ವೀರಾಚಾರಿಗೆ ಸಿಟ್ಟು ನೆತ್ತಿಗೇರಿತಂತೆ. ತನ್ನ ಕಿವಿಗೆ ಹೆಸರಿಡುವುದೇ! ಆದರೂ ನಾಯಕರ ಮನೆ, ಬಾಯಿ ಬಿಗಿಹಿಡಿದು ಮತ್ತೆ ಮೇಣ ಕಾಯಿಸಿದ, ಮತ್ತೆ ಕೂರಿಸಿದ. ಮತ್ತೆ ಅದೇ ಮಾತು. ಎಲ್ಲಿ ತಪ್ಪಿದೆ ಅಂತ ಕೇಳಿದರೆ ಗಾಂಧಾರದ ಮೆಟ್ಟಿಲು ತೋರಿಸಿದಳಂತೆ. ಗಾಂಧಾರ ಅಂದರೆ ಸ, ರಿ ಆದ ಮೇಲಿನ ಮೂರನೆಯ ಸ್ವರ. ಹೊಳೆಗೋಟೆಯ ಹೊಳೆಸೀಮೆಯವರು ಅದನ್ನು ಎಳ್ಳಷ್ಟು ಮೇಲೆ ಹಾಡುತ್ತಾರೆ. ಗುಡ್ಡದವರದು ಎಳ್ಳಷ್ಟು ಕೆಳಗೆ. ವೀಣೆಯಲ್ಲಿ ತಂತಿ ಎಳೆದು ಸ್ವರ ಏರಿಸಬಹುದು. ಇಳಿಸುವುದು ಹೇಗೆ? ಮೆಟ್ಟಿಲೇ ಮೇಲಿದ್ದರೆ ಯಾರೇನು ಮಾಡಲಾದೀತು?

ಹಾಗಾದರೆ ಹಾಡಿ ತೋರಿಸಿ ತಾಯಿ ಅಂದ ವೀರಾಚಾರಿ. ಆಕೆ ಹಾಡಿದಳು. ಹಾಡಿದರೆ ಏನಾಗಬೇಕು! ಗಂಟಲೂ ಎಳ್ಳಷ್ಟು ಮೇಲೇ ಹೋಯಿತು.

"ನೋಡಿದ್ರಾ ಆಚಾರ್ರೇ, ನುಡಿಸ್ತಾ ನುಡಿಸ್ತಾ ನನ್ನ ಗಂಟಲೂ ಈ ವೀಣೆ ಮಾತೇ ಕೇಳ್ತಾದೆ. ನಮ್ಮವ್ವ ಇಲ್ಲ, ಅಲ್ಲಿ ಮೇಣ ಹಾಕ್ತಿದ್ದ ಆಚಾರೀನೂ ಇಲ್ಲ. ಆ ಪದ ಇರೋದು ನನ್ನ ಒಬ್ಳ ತಾವ. ಹಿಂಗೇ ಆದ್ರೆ ನಂಗೂ ಮರ್ತೋಯ್ತದೆ."

ಈ ಮಾತು ಕೇಳಿದ್ದೇ ವೀರಾಚಾರಿಯ ಸಿಟ್ಟೆಲ್ಲ ಇಳಿಯಿತು. ತಾನು ಕೂರಿಸಿದ ಮೆಟ್ಟಿಲು ಒಂದು ಪದವನ್ನು ದಿನಾ ಒಂದಿಷ್ಟೊಂದಿಷ್ಟೇ ತಿಂದುಹಾಕುತ್ತಿದೆಯಲ್ಲ! ಅನ್ನ ಸೇರಲಿಲ್ಲ, ಕೂತಲ್ಲಿ ಕೂರಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಓಡಿಬಂದು, ನಿಮ್ಮವ್ವ ಏನು ಮಾಡುತ್ತ ಹಾಡುತ್ತಿದ್ದರು ತಾಯಿ ಅಂತ ಕೇಳಿದನಂತೆ. ರಾಗಿ ಬೀಸುತ್ತ ಅಂದಳಂತೆ.

"ಹಂಗಾದ್ರೆ ಬೀಸೋ ಕಲ್ಲು ತರ್‍ಸಿ ಬುದ್ಧೀ!" ಅಂತ ನಾಯಕನ ಎದುರು ಕುಣಿದೇಬಿಟ್ಟನಂತೆ.

ಕೋಟೆಯಲ್ಲಿ ಗದ್ದಲವೋ ಗದ್ದಲ! ಎಲ್ಲರಿಗಿಂತ ಜೋರು ನಾಯಕನ ತಾಯಿಯದು. ನಮ್ಮ ಮನೆ ಸೊಸೆ ತೊಟ್ಟಿಯಂಗಳದಲ್ಲಿ ಕೂತು ರಾಗಿ ಬೀಸುವುದೇ, ಆಳುಕಾಳು ಸತ್ತುಹೋಗಿದ್ದಾರೆಯೇ, ನಾಲ್ಕು ಜನ ಏನಂದಾರು ಅಂತ ರೇಗಾಡಿದಳಂತೆ. ಯಾರೂ ಕಲ್ಲು ಮುಟ್ಟಲಿಲ್ಲ. ವೀರಾಚಾರಿ ತಾನೇ ಹೋಗಿ ಅಡುಗೆಮನೆಯಿಂದ ತಂದ. ಉರುಳಿಸಿಕೊಂಡು ತಂದ ಅಂತ ಕೆಲವರು, ತಲೆಯ ಮೇಲೆ ಹೊತ್ತು ತಂದ ಅಂತ ಕೆಲವರು. ನಾನು ತಲೆಯ ಮೇಲೆ ಹೊತ್ತ ಅನ್ನುವವರ ಕಡೆ.

ಹೊನ್ನಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಒಂದು ಹಿಡಿ ರಾಗಿ ಹಾಕಿದಳು, ಗೂಟ ಹಿಡಿದಳು, ತಿರುಗಿಸಿದಳು. ಗರ ಗರ ಗರ ಅಂತು ಕಲ್ಲು. ಒಂದು ಸುತ್ತು, ಇನ್ನೊಂದು ಸುತ್ತು, ಕೈಗೆ ಕಲ್ಲಿನ ಓಟ ಹತ್ತಿತು. ಎದುರು ಜನ ಇದ್ದಾರೆ ಅನ್ನುವುದೇ ಮರೆತುಹೋಯಿತು. ಆಗ ಬಂತು ನೋಡಿ ಪದ! ಸ ಬಂತು, ರಿ ಬಂತು, ಮೂರನೆಯದು ಮೆಲ್ಲಗೆ ಕೆಳಗಿಳಿದು, ತನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು!

ವೀರಾಚಾರಿ ಕಾದ ಮೇಣ ಬಳಿದ, ಮೆಟ್ಟಿಲಿಟ್ಟ, ಸರಿಸಿದ, ಸಿಕ್ಕಿತು ಸಿಕ್ಕಿತು ಅಂತ ಕೂಗಿದ. ಮೀಟಿ ನೋಡಿದರೆ ಎಲ್ಲಿ ಸಿಕ್ಕಿತ್ತು? ಮತ್ತೆ ಎಳ್ಳಷ್ಟು ಮೇಲೆ! ಕಿವಿ ಕೇಳಿದ್ದು ಗುಡ್ಡದ ಗಾಂಧಾರ, ಕೈ ಇಟ್ಟದ್ದು ಹೊಳೆಸೀಮೆಯ ಗಾಂಧಾರ. ಜೀವಮಾನವೆಲ್ಲ ಒಂದೇ ಜಾಗದಲ್ಲಿ ಇಟ್ಟ ಕೈ, ಸಂಜೆ ಎತ್ತು ತನ್ನ ಕೊಟ್ಟಿಗೆಗೇ ನುಗ್ಗುವ ಹಾಗೆ ಅಲ್ಲಿಗೇ ಹೋಗಿತ್ತು. ಸರಿಸಿದ, ತಪ್ಪಿತು. ಮತ್ತೆ ಸರಿಸಿದ, ಮತ್ತೆ ತಪ್ಪಿತು. ಮೇಣ ಆರುತ್ತಿದೆ! ಕಲ್ಲಲ್ಲಿ ರಾಗಿ ಮುಗಿಯುತ್ತಿದೆ!

ವೀರಾಚಾರಿ ವೀಣೆ ಎತ್ತಿಕೊಂಡು ಹೊನ್ನಾಜಮ್ಮನ ಪಕ್ಕಕ್ಕೇ ಓಡಿದನಂತೆ. ನನ್ನ ಕೈಯಲ್ಲಿ ಆಗದು, ನೀವೇ ಸರಿಸಿ ತಾಯಿ ಅಂದನಂತೆ. ಆಕೆ ಹೇಗೆ ಸರಿಸಿಯಾಳು? ಗೂಟ ಬಿಟ್ಟರೆ ಕಲ್ಲು ನಿಲ್ಲುತ್ತದೆ, ಕಲ್ಲು ನಿಂತರೆ ಪದ ನಿಲ್ಲುತ್ತದೆ. ಹಾಡುತ್ತಲೇ ಗಾಬರಿಯಿಂದ ಸುತ್ತ ನೋಡಿದಳು.

ಆಗ ಕಲ್ಲಿನ ಆಚೆ ಬದಿಗೆ ಬಂದು ಕೂತವಳು ಯಾರು ಅಂತೀರಿ? ಅತ್ತೆ! ಅಷ್ಟು ರೇಗಾಡಿದ್ದ ಅದೇ ಅತ್ತೆ! ಗೂಟಕ್ಕೆ ತಾನೂ ಕೈ ಹಾಕಿದಳಂತೆ.

"ನೀ ಹಾಡವ್ವ. ಕಲ್ಲು ನಾ ತಿರುಗಿಸ್ತೀನಿ."

ಕಲ್ಲು ನಿಲ್ಲಲಿಲ್ಲ. ಪದ ನಿಲ್ಲಲಿಲ್ಲ. ವೀರಾಚಾರಿ ತಂತಿ ಮೀಟುತ್ತ ಹೋದ. ಹೊನ್ನಾಜಮ್ಮ ಹಿಟ್ಟು ಮೆತ್ತಿದ ಹೆಬ್ಬೆರಳನ್ನು ಮೆಟ್ಟಿಲಿನ ತುದಿಗೆ ಕೊಟ್ಟು, ತಂತಿ ಬಿಗಿಯುವ ಬಿರಡೆಯ ಕಡೆಗೆ, ಸ್ವರ ಇಳಿಯುವ ಕಡೆಗೆ, ಮೆಲ್ಲಗೆ, ಮೆಲ್ಲಗೆ, ಇನ್ನೂ ಮೆಲ್ಲಗೆ ಒತ್ತಿದಳು. ತಂತಿಯೂ ಗಂಟಲೂ ಒಂದಾಗಿಬಿಟ್ಟವು! ಯಾವುದು ಹೊನ್ನಾಜಮ್ಮ, ಯಾವುದು ವೀಣೆ ಅಂತ ನಾಯಕನಿಗೂ ತಿಳಿಯಲಿಲ್ಲವಂತೆ.

ಮೇಣ ಗಟ್ಟಿಯಾಯಿತು. ಆಕೆ ಬಾಯಿ ಮುಚ್ಚಿ ವೀಣೆ ನುಡಿಸಿದಳು. ಅವ್ವನ ಪದ ತಂತಿಯಿಂದ ಹಾಗೆ ಹಾಗೇ ಬಂತು. ಆಕೆ ಅತ್ತಳು, ಅತ್ತೆಯೂ ಅತ್ತಳು. ವೀರಾಚಾರಿ ಮಾತ್ರ ನಗುತ್ತಿದ್ದನಂತೆ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದನಂತೆ. ಕರಿಮೇಣದ ಮೇಲೆ ಆಕೆಯ ಹೆಬ್ಬೆರಳ ಗುರುತು ಬೂದುಬಿಳಿಯಾಗಿ ಕೂತಿತ್ತು. ಹಿಟ್ಟಿದ್ದದ್ದಕ್ಕೇ ಮೇಣ ಬೆರಳಿಗೆ ಅಂಟಿಕೊಂಡಿರಲಿಲ್ಲ. ಅದನ್ನು ಅವನು ಆಗಲೇ ಕಂಡುಕೊಂಡನಂತೆ.

ಅಲ್ಲಿಂದಾಚೆಗೆ ವೀರಾಚಾರಿ ಯಾರ ವೀಣೆಗೂ ಗಾಂಧಾರದ ಮೆಟ್ಟಿಲನ್ನು ತಾನು ಕೂರಿಸಲಿಲ್ಲವಂತೆ. ಮಿಕ್ಕಿದ್ದೆಲ್ಲ ಕೂರಿಸಿ, ಅದೊಂದರ ಮೇಣ ಹಸಿಯಾಗಿ ಬಿಟ್ಟು, ಕರೆಯಿರಿ ಮನೆಯವರನ್ನ ಅನ್ನುತ್ತಿದ್ದನಂತೆ.

ಇವತ್ತಿಗೂ ಆ ಸೀಮೆಯಲ್ಲಿ ಹಾಗೇ. ಹೊಸ ವೀಣೆ ಬಂದ ದಿನ ಮನೆಯ ಹೆಂಗಸು ಒಂದು ಹಿಡಿ ರಾಗಿ ಬೀಸಿ, ತನ್ನ ತಾಯಿ ಹೇಳುತ್ತಿದ್ದ ಪದ ಹಾಡಿ, ಹಿಟ್ಟಿನ ಹೆಬ್ಬೆರಳಿಂದ ಆ ಮೆಟ್ಟಿಲು ಒತ್ತುತ್ತಾಳೆ. ಕಲ್ಲು ತಿರುಗಿಸಲು ಎದುರಿಗೆ ಅತ್ತೆಯೇ ಕೂರಬೇಕು. ಒಂದು ಮನೆಯ ವೀಣೆ ಇನ್ನೊಂದು ಮನೆಯದಕ್ಕೆ ಪೂರ್ತಿ ಹೊಂದುವುದಿಲ್ಲ, ಹೊರಗಿನಿಂದ ಬಂದ ವಿದ್ವಾಂಸರು ಹುಬ್ಬುಗಂಟಿಕ್ಕುತ್ತಾರೆ. ಸರಿ ಮಾಡಿಕೊಡಲೇ ಅಂತ ಕೈ ಹಾಕಲು ಹೋದರೆ ಮನೆಯವರು ನಗುನಗುತ್ತಲೇ ತಡೆಯುತ್ತಾರೆ.

"ಬ್ಯಾಡಿ ಸ್ವಾಮೀ, ಅಲ್ಲಿ ನಮ್ಮವ್ವ ಕೂತವ್ಳೆ."

ಬೇಸಗೆ ಕಳೆದು ಮೇಣ ಬದಲಾಯಿಸುವಾಗ ಎಲ್ಲ ಮೆಟ್ಟಿಲಿಗೂ ಹೊಸ ಮೇಣ ಹಾಕಿಸುತ್ತಾರೆ. ಆ ಒಂದು ಮೆಟ್ಟಿಲಿಗೆ ಮಾತ್ರ ಹಳೆಯ ಮೇಣವನ್ನೇ, ಅದರೊಳಗಿನ ಹಿಟ್ಟಿನ ಸಮೇತ, ಕರಗಿಸಿ ಮತ್ತೆ ಹಾಕುತ್ತಾರೆ.