ಚಂದ್ರಾಮನ ಬೂಟು

ಹೊಳೆಯ ದಂಡೆಯ ಮೇಲೆ ಒಂದು ಒಣಗಿದ ಸಿಮೆಂಟಿನ ಹೊಂಡವಿತ್ತು. ಮುಚ್ಚಿಹೋದ ಯಾವುದೋ ಕಾರ್ಖಾನೆಯವರು ನೀರು ತುಂಬಲು ಕಟ್ಟಿಸಿ ಬಿಟ್ಟುಹೋದದ್ದು. ಒಳಗೆಲ್ಲ ಬೋಗುಣಿಯ ಹಾಗೆ ನುಣುಪು.

ಅದರ ಪಕ್ಕದಲ್ಲಿ ಸಾವಂತ್ರಕ್ಕನ ಆಶ್ರಮ. ಅಲ್ಲಿ ಜಪವಿಲ್ಲ, ತಪವಿಲ್ಲ. ನಾಲ್ಕು ಚಕ್ರದ ಹಲಗೆಯ ಮೇಲೆ ನಿಂತು ಹೊಂಡದ ಅಂಚಿನಿಂದ ಜಾರುವುದು, ಬಿದ್ದರೆ ಎದ್ದು ಮತ್ತೆ ಹತ್ತುವುದು, ಇಷ್ಟೇ ಸಾಧನೆ. ಸ್ಕೇಟ್‌ಬೋರ್ಡ್ ಕಲಿಯಲೂ ಗುರು ಬೇಕೇ ಎಂದು ನಗುವವರು ಒಮ್ಮೆ ಆ ಅಂಚಿನಲ್ಲಿ ನಿಂತು ಕೆಳಗೆ ನೋಡಲಿ, ಆಮೇಲೆ ನಗಲಿ.

ಶಿಷ್ಯರು ಆಕೆಯನ್ನು ಅಕ್ಕೋರು ಎನ್ನುತ್ತಿದ್ದರು. ಅಕ್ಕೋರು ಸದಾ ಬರಿಗಾಲಲ್ಲಿ ಇರುತ್ತಿದ್ದರು. ಹಲಗೆ ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು.

ಆಶ್ರಮದಲ್ಲಿ ಕಲಿಯುತ್ತಿದ್ದ ಹುಡುಗ ಗವಿಸಿದ್ಧನ ಬೂಟು ಹರಿದುಹೋಗಿತ್ತು. ಬರುವ ಹುಣ್ಣಿಮೆಗೆ ಅವನು ಬಡಗಣ ಅಂಚಿನಿಂದ ಇಳಿಯಬೇಕು. ಹೊಂಡದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಅದು. ಅಲ್ಲಿಂದ ಇಳಿದವನು ಶಿಷ್ಯ, ಇಳಿಯದವನು ಊಟಕ್ಕೆ ಬಂದ ನೆಂಟ ಎಂದು ಆಶ್ರಮದವರ ತಮಾಷೆ. ನೆಂಟನಾಗಿ ಇದ್ದು ಇದ್ದು ಅವನಿಗೆ ಸಾಕಾಗಿತ್ತು.

“ಅಕ್ಕೋರ, ಯಾವ ಬೂಟು ತಗೊಳ್ಳಲಿರಿ?” ಎಂದು ಕೇಳಿದ.

“ಎತ್ತರದಿಂದ ಜಿಗಿಯೋರಿಗೆ ದಪ್ಪ ತಳ. ಹಲಗಿ ಅಂಗಾಲಿಗೆ ತಿಳೀಬೇಕು ಅನ್ನೋರಿಗೆ ತೆಳು ತಳ. ತೊಗಲಿನದು ಬಾಳ್ತದ, ರೊಕ್ಕ ಕೇಳ್ತದ. ಕ್ಯಾನ್ವಾಸು ಅಗ್ಗ, ಲಗೂನ ಹರೀತದ. ನೀ ಯಾರು?”

“ನಾ ಗವಿಸಿದ್ಧರಿ.”

“ಹೆಸರು ಕೇಳಲಿಲ್ಲ,” ಎಂದರು ಅಕ್ಕೋರು.

ಒಳಗೆ ಹೋಗಿ ಹಳೆಯ ಹತ್ತಿ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ತಂದರು. ಅದು ಆಶ್ರಮದ ಪದ್ಧತಿ. ಬೂಟು ಕೊಳ್ಳುವ ಮೊದಲು ಕಾಲಿಗೆ ಬಟ್ಟೆ ಸುತ್ತಿಕೊಂಡು ಹೊಂಡದ ಆಳವಿಲ್ಲದ ಕಡೆ ಆಡಬೇಕು. ಕಾಲು ಜಾರದಿರಲೆಂದು ಹಲಗೆಗೆ ಅಂಟಿಸಿದ ಒರಟು ಉಪ್ಪುಕಾಗದ, ಬಟ್ಟೆಯನ್ನು ಉಜ್ಜಿ ಉಜ್ಜಿ ಹರಿಯುತ್ತದೆ.

“ಎಲ್ಲಿ ಹರೀತದ, ಅಲ್ಲಿ ಗಟ್ಟಿ ಇರೋ ಬೂಟು ತಗೋ. ಉಳಿದದ್ದಕ್ಕ ರೊಕ್ಕ ಸುರೀಬ್ಯಾಡ.”

ಅಕ್ಕೋರು ಬಗ್ಗಿ ತಾವೇ ಕಟ್ಟತೊಡಗಿದರು. ಪಟ್ಟಿಯನ್ನು ಅವನ ಕಣಕಾಲಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಗಿಸಿದವರು, ಕೆಂಡ ಮುಟ್ಟಿದವರಂತೆ ಕೈ ತೆಗೆದರು. ಕಟ್ಟಿದ್ದನ್ನೆಲ್ಲ ಬಿಚ್ಚಿದರು.

“ನೀನ ಕಟ್ಕೋ,” ಎಂದು ಎದ್ದುಹೋದರು.

ಕಾಲಿಗೆ ಚಿಂದಿ ಸುತ್ತಿಕೊಂಡು ಆಡುವುದೆಂದರೆ ಗವಿಸಿದ್ಧನಿಗೆ ಪ್ರಾಣಸಂಕಟ. ಬೆಳಗ್ಗೆ ಕಟ್ಟಿದ, ಬಿಸಿಲೇರುವ ಹೊತ್ತಿಗೆ ಬಿಚ್ಚಿ ಎಸೆದ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ.

ಹೊಂಡದ ಬದಿಯ ಬೇವಿನ ಮರದ ತುಂಬ ಸವೆದ ಬೂಟುಗಳು ನೇತಾಡುತ್ತಿದ್ದವು. ಆಶ್ರಮ ಬಿಟ್ಟು ಹೋಗುವವರು ತಮ್ಮ ಬೂಟನ್ನು ಅಲ್ಲಿ ಕಟ್ಟಿ ಹೋಗಬೇಕು. ಕಟ್ಟಿದ್ದನ್ನು ಯಾರೂ ಬಿಚ್ಚಬಾರದು.

ಒಂದು ಜೊತೆಯನ್ನು ಮಾತ್ರ ಹಾಕಿಕೊಂಡವನು ಕಟ್ಟಿರಲಿಲ್ಲ. ಚಂದ್ರಾಮ ಎಂಬ ಶಿಷ್ಯ ಬಡಗಣ ಅಂಚಿನಿಂದ ಬಿದ್ದು ಸತ್ತ ದಿನ, ಅಕ್ಕೋರೇ ಅದನ್ನು ಅವನ ಕಾಲಿನಿಂದ ತೆಗೆದು ಕೊಂಬೆಗೆ ಕಟ್ಟಿದ್ದರು. ಒಳ್ಳೆಯ ತೊಗಲಿನ ಬೂಟು, ದಪ್ಪ ತಳ. ಚಂದ್ರಾಮನಷ್ಟು ಚೆಂದ ಆ ಹೊಂಡದಲ್ಲಿ ಆಡಿದವರೇ ಇಲ್ಲವೆಂದು ಗವಿಸಿದ್ಧ ಕೇಳಿ ಬಲ್ಲ.

ಮಟಮಟ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಅವನು ಮರ ಹತ್ತಿದ. ವರ್ಷಗಟ್ಟಲೆ ಬಿಸಿಲಿಗೆ ಒಣಗಿದ ಬೂಟಿನ ಒಳಗೆ ಬೆವರಿನ ಪಸೆ ಇತ್ತು. ಯಾರೋ ಈಗಷ್ಟೇ ಕಾಲು ತೆಗೆದ ಹಾಗಿತ್ತು.

ಅದನ್ನು ಕಂಡು ಅವನು ಅಲ್ಲೇ ಬಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ.

ಸಂಜೆ ಆ ಬೂಟು ಹಾಕಿಕೊಂಡು ಹಲಗೆ ಹತ್ತಿದಾಗ ಅವನ ಬಲಗಾಲು ತಾನಾಗಿ ಮುಂದೆ ಹೋಯಿತು. ಹುಟ್ಟಿದಾಗಿನಿಂದ ಎಡಗಾಲು ಮುಂದಿಟ್ಟವನು ಗವಿಸಿದ್ಧ. ಆದರೂ ಬೀಳಲಿಲ್ಲ. ನೀರಿನ ಮೇಲೆ ಎಣ್ಣೆ ಹರಿದಂತೆ ಹೊಂಡವನ್ನು ಸುತ್ತಿ ಬಂದ.

ಜೊತೆಯ ಶಿಷ್ಯೆ ಮಹಾದೇವಿ ಬಾಯಿ ತೆರೆದು ನಿಂತಿದ್ದಳು. “ಥೇಟ್ ಚಂದ್ರಾಮಣ್ಣ!” ಎಂದಳು. ಹೇಳಿದ ಮೇಲೆ ಅವಳಿಗೇ ಮೈ ಜುಮ್ಮೆಂದಿತು.

ಗವಿಸಿದ್ಧನಿಗೆ ಮಾತ್ರ ಹಿಗ್ಗು. “ಅಳತಿ ಕೊಟ್ಟು ಹೊಲಿಸಿದಂಗ ಹಿಡಿಸ್ಯಾವ!” ಎಂದು ಕಾಲು ಎತ್ತಿ ತೋರಿಸಿದ.

ಅಕ್ಕೋರು ಅವನ ಕಾಲನ್ನು ನೋಡಿದರು. ಬೈಯಲಿಲ್ಲ. ಊಟದ ಹೊತ್ತಿಗೆ ಅವನ ಮುಂದೆ ಎರಡು ತಟ್ಟೆ ಇಟ್ಟರು.

“ಎರಡು ಯಾಕ್ರಿ ಅಕ್ಕೋರ?”

“ಇಬ್ಬರು ಬಂದೀರಲ್ಲ,” ಎಂದು ಎರಡಕ್ಕೂ ಮುದ್ದೆ ಬಡಿಸಿದರು.

ಅವನು ತಟ್ಟೆ ಮುಟ್ಟದೆ ಎದ್ದ. ಮಲಗುವಾಗ ಬೂಟನ್ನು ಬಿಚ್ಚಿ ದೂರ ಇಟ್ಟ. ಬೆಳಗ್ಗೆ ಎದ್ದರೆ ಬೂಟು ಕಾಲಲ್ಲೇ ಇತ್ತು. ಲೇಸು ಕಣಕಾಲಿಗೆ ಎರಡು ಸುತ್ತು ಸುತ್ತಿತ್ತು, ತುದಿ ಒಳಗೆ ಸಿಗಿಸಿತ್ತು. ಅವನು ಹಾಗೆ ಎಂದೂ ಕಟ್ಟಿದವನಲ್ಲ. ಬಿಚ್ಚಲು ಹೋದರೆ ಲೇಸು ಜಗ್ಗಲಿಲ್ಲ.

ಈಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಓಡಿಹೋಗೋಣವೆಂದು ಎದ್ದ. ಕಾಲು ಓಡಿದ್ದು ಹೊಂಡದ ಕಡೆಗೆ.

ಬಡಗಣ ಅಂಚಿನ ಮೇಲೆ ಬಲಗಾಲು ಮುಂದಿಟ್ಟು ನಿಂತ. ಹಲಗೆಯ ಮೂತಿ ಆಗಲೇ ಗಾಳಿಯಲ್ಲಿತ್ತು. ಕೆಳಗೆ, ಚಂದ್ರಾಮ ಬಿದ್ದ ಜಾಗದಲ್ಲಿ, ಅಕ್ಕೋರು ಬರಿಗಾಲಲ್ಲಿ ನಿಂತಿದ್ದರು. ಯಾವಾಗ ಬಂದಿದ್ದರೋ.

“ಚಂದ್ರಾಮಾ,” ಎಂದು ಕರೆದರು.

“ಅಕ್ಕೋರ,” ಎಂದಿತು ಗವಿಸಿದ್ಧನ ಬಾಯಿ. ದನಿ ಅವನದಲ್ಲ. “ನಿಮ್ಮಂಗ ನಿಂತೀನೇನ್ರಿ?”

ಅಕ್ಕೋರ ಮುಖ ಸುಣ್ಣದಂತಾಯಿತು.

“ನಿಂತೀಯಪ್ಪಾ,” ಎಂದರು. “ಬಾಳ ಚೆಂದ ನಿಂತೀದಿ. ಈಗ ಆ ಹುಡುಗನ್ನ ಬಿಡು.”

ಹಲಗೆ ಇನ್ನೊಂದಿಷ್ಟು ವಾಲಿತು.

“ಗವಿಸಿದ್ಧಾ! ನಿನ್ನ ಮುಂದಿನ ಕಾಲು ಯಾವುದೋ?”

ಅವನು ನೆನಪಿಸಿಕೊಳ್ಳಲು ನೋಡಿದ. ತನ್ನದೇ ಕಾಲು, ಆದರೂ ನೆನಪಾಗಲೊಲ್ಲದು. ಕಣ್ಣು ಮುಚ್ಚಿದ. ಚಿಕ್ಕಂದಿನಲ್ಲಿ ಹೊಳೆಗೆ ಇಳಿಯುವಾಗ ಮೊದಲು ನೀರು ಮುಟ್ಟುತ್ತಿದ್ದ ಕಾಲು ಯಾವುದು ಎಂದು ಹುಡುಕಿದ.

“ಎಡಗಾಲರಿ!” ಎಂದು ಚೀರಿದ. ಚೀರಿದ್ದೇ ತಡ, ಎಡಗಾಲು ಅವನದಾಯಿತು. ಅದನ್ನೇ ಹಿಂದಕ್ಕೆ ಊರಿ ಅಂಚಿನ ಮೇಲೆ ದೊಪ್ಪನೆ ಕೂತ. ಹಲಗೆ ಒಂದೇ ಕೆಳಗೆ ಉರುಳಿ ಹೋಗಿ ಎರಡು ಹೋಳಾಯಿತು.

ಅಕ್ಕೋರು ಮೇಲೆ ಹತ್ತಿ ಬಂದು ಕುಡಗೋಲಿನಿಂದ ಲೇಸು ಕೊಯ್ದರು. ಅಳುತ್ತ ಕೂತವನ ಮಡಿಲಿಗೆ ಸೀರೆಯ ಪಟ್ಟಿಗಳನ್ನು ಹಾಕಿದರು.

ಈ ಸಲ ಅವನು ಚಿಂದಿ ಕಟ್ಟಿಕೊಳ್ಳಲು ನಾಚಲಿಲ್ಲ. ಆಶ್ರಮದ ಹಳೆಯ ಹಲಗೆಯೊಂದನ್ನು ಹಿಡಿದು ಆಳವಿಲ್ಲದ ಕಡೆ ಆಡಿದ, ಬಿದ್ದ, ಮತ್ತೆ ಆಡಿದ. ಬಟ್ಟೆ ಹರಿದದ್ದು ಬಲಗಾಲಿನ ಹಿಮ್ಮಡಿಯ ಒಳಮಗ್ಗುಲಲ್ಲಿ. ಮಹಾದೇವಿಯದು ಹೆಬ್ಬೆರಳಲ್ಲಿ ಹರಿಯುತ್ತಿತ್ತು. ಮರದಲ್ಲಿದ್ದ ಯಾವ ಬೂಟೂ ಆ ಜಾಗದಲ್ಲಿ ಸವೆದಿರಲಿಲ್ಲ. ಆ ತೂತಿನಲ್ಲಿ ಬೆರಳು ತೂರಿಸಿ ಅವನು ಎಳೆಮಗುವಿನಂತೆ ನಕ್ಕ.

ಸಂತೆಯಲ್ಲಿ ಅಗ್ಗದ ಕ್ಯಾನ್ವಾಸಿನ ಬೂಟು ಕೊಂಡ. ಹಿಮ್ಮಡಿಯ ಒಳಮಗ್ಗುಲಿಗೆ ಮಾತ್ರ ಒಂದು ತೊಗಲಿನ ತುಂಡು ಹೊಲಿಸಿದ. ಹಾಸಿಗೆ ಇದ್ದಷ್ಟು ಕಾಲು ಚಾಚಿದ, ಅಷ್ಟೇ.

ಆ ಹುಣ್ಣಿಮೆ ಹಾಗೇ ಹೋಯಿತು. ಮುಂದಿನ ಹುಣ್ಣಿಮೆಯ ಬೆಳಗ್ಗೆ ಎಡಗಾಲು ಮುಂದಿಟ್ಟು ಬಡಗಣ ಅಂಚಿನಿಂದ ಇಳಿದ. ನೋಡಲು ಏನೂ ಚೆಂದವಿರಲಿಲ್ಲ. ತೂರಾಡಿದ, ಕೈ ಬಡಿದ, ಕೊನೆಗೆ ಹೇಗೋ ನಿಂತ. ನವಿಲಿನ ಪುಕ್ಕ ಕಿತ್ತುಹಾಕಿದ ಕೆಂಬೂತ, ಆದರೆ ಉಳಿದ ಪುಕ್ಕ ಅದರದೇ.

ಸಂಜೆ ಅಕ್ಕೋರು ಲೇಸಿಲ್ಲದ ಆ ಹಳೆಯ ಬೂಟುಗಳನ್ನು ಎತ್ತಿಕೊಂಡು ಹೊಳೆಗೆ ನಡೆದರು. ಗವಿಸಿದ್ಧ ಹಿಂದೆ ಹೋದ.

ನೀರಿಗೆ ಬಿಟ್ಟ ಬೂಟುಗಳು ಮುಳುಗಲಿಲ್ಲ. ಬಲಗಾಲಿನದು ಮುಂದೆ, ಎಡಗಾಲಿನದು ಹಿಂದೆ, ಯಾರೋ ನಿಂತುಕೊಂಡು ಹೋದ ಹಾಗೆ ಹೊಳೆಯ ನಡುವಿಗೆ ಸರಿದವು. ಅಕ್ಕೋರು ದಂಡೆಯ ಮೇಲೆ ನಿಂತು ನೋಡುತ್ತಿದ್ದರು. ಅವರ ಬಲಗಾಲು ಮುಂದಿತ್ತು.

ಗವಿಸಿದ್ಧ ಆ ಕಾಲನ್ನೊಮ್ಮೆ, ತೇಲುವ ಬೂಟನ್ನೊಮ್ಮೆ ನೋಡಿದ.

“ಅಕ್ಕೋರ,” ಎಂದು ಮೆಲ್ಲಗೆ ಕೇಳಿದ, “ಚಂದ್ರಾಮಣ್ಣ ಹಾಕ್ಕೊಂಡಿದ್ದ ಬೂಟು, ಅವನಿಗಿಂತ ಮೊದಲ ಯಾರವು ಇದ್ದುವ್ರಿ?”

ಅಕ್ಕೋರು ತಮ್ಮ ಬರಿಗಾಲನ್ನು ನೋಡಿಕೊಂಡರು.

“ನನ್ನವು. ಅವನಿಗೂ ಅಳತಿ ಕೊಟ್ಟು ಹೊಲಿಸಿದಂಗ ಹಿಡಿಸಿದ್ವು.”