ಆನೆಯಜ್ಜಿ ಹಿಡಿದ ಮರ

ಒಂದು ಕಾಡಿನಲ್ಲಿ ನೀರಿನ ಹೊಂಡದ ಪಕ್ಕ ಒಂದು ಬೂರುಗದ ಮರವಿತ್ತು. ಎಂಥ ಮರ ಅಂತೀರಿ! ಅದರ ತುದಿ ನೋಡಲು ತಲೆಯೆತ್ತಿದ ಜಿಂಕೆಮರಿಗಳು ಹಿಂದಕ್ಕೆ ಬೀಳುತ್ತಿದ್ದವು. ಆದರೆ ಸಿಡಿಲು ಬಡಿದು ಮರ ಒಣಗಿತ್ತು. ಗೆದ್ದಲು ಹಿಡಿದು ಬುಡ ಟೊಳ್ಳಾಗಿತ್ತು. ಅದರ ಸುತ್ತಲೇ ಎಲ್ಲರ ಗೂಡು, ಬಿಲ. ತಾನಾಗಿ ಬಿದ್ದರೆ ಯಾರ ಮೇಲೆ ಬೀಳುತ್ತದೋ ಎಂದು ಹೆದರಿ ಪ್ರಾಣಿಗಳು ಆನೆಯಜ್ಜಿಯನ್ನು ಕರೆದವು.

ಆನೆಯಜ್ಜಿ ಮರವನ್ನು ಸುತ್ತುಹಾಕಿ ನೋಡಿದಳು. ದೂರದಲ್ಲಿ ಕಾಲಿನಿಂದ ನೆಲದ ಮೇಲೆ ಮರದ ಸುತ್ತಲೂ ಗೆರೆ ಎಳೆದಳು.

"ಮರ ಬೀಳಿಸುವಾಗ ಈ ಗೆರೆಯೊಳಗೆ ಒಂದು ಇರುವೆಯೂ ಇರಬಾರದು. ಮನೆಮನೆಗೂ ಹೋಗಿ ಹೇಳಿ ಬರುವವರು ಯಾರು?"

"ನಾನು ಹೋಗ್ತೀನಿ ಅಜ್ಜಿ!" ಎಂದು ನರಿ ಮುಂದೆ ಬಂತು.

ನರಿ ಅಳಿಲಿಗೆ ಹೇಳಿತು, ಗಿಳಿಗೆ ಹೇಳಿತು, ಮುಂಗುಸಿಗೆ ಹೇಳಿತು. ಮರದ ಬುಡದ ಪೊಟರೆಯಲ್ಲಿ ಮೊಲವೊಂದು ಆಗಷ್ಟೇ ಮರಿ ಹಾಕಿ ಮಲಗಿತ್ತು. ಅದಕ್ಕೆ ಮಾತ್ರ ಹೇಳಲಿಲ್ಲ. ಮರ ಅಲುಗಿದರೆ ಮೊಲ ಹೆದರಿ, ಆನೆಗೆ ಬೆನ್ನು ಹಾಕಿ ಆಚೆ ಕಡೆಗೆ ಓಡುತ್ತದೆ. ಅಲ್ಲೇ ಪೊದೆಯಲ್ಲಿ ಬಾಯಿ ತೆರೆದು ಕೂತರೆ ಆಯಿತು ಎಂದು ಆ ಕಳ್ಳನ ಲೆಕ್ಕಾಚಾರ.

"ಒಳಗೆ ಯಾರೂ ಇಲ್ಲ ಅಜ್ಜಿ, ಮೂಲೆಮೂಲೆ ನೋಡಿ ಬಂದೆ" ಎಂದು ಹೇಳಿ ನರಿ ಮೆಲ್ಲಗೆ ಪೊದೆಗೆ ನುಸುಳಿತು.

ಎಲ್ಲರೂ ಗೆರೆಯಾಚೆ ನಿಂತರು. ಆನೆಯಜ್ಜಿ ಹಣೆ ಕೊಟ್ಟು ದೂಡಿದಳು. ಬೇರುಗಳು ಪಟಪಟ ಹರಿದವು. ಮರ ವಾಲಿತು. ಅಷ್ಟರಲ್ಲಿ ಬುಡದಿಂದ ಕೂಗು ಕೇಳಿತು: "ಅಯ್ಯೋ, ನನ್ನ ಮಕ್ಕಳು!"

ಆಗ ಆನೆಯಜ್ಜಿ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೀಳುತ್ತಿದ್ದ ಮರಕ್ಕೆ ಸೊಂಡಿಲು ಸುತ್ತಿ, ಹಿಂದಕ್ಕೆ ಜಗ್ಗಿ ಹಿಡಿದು ನಿಂತುಬಿಟ್ಟಳು! ಅವಳ ಕಾಲುಗಳು ಮಣ್ಣಿನಲ್ಲಿ ಹೂತುಹೋದವು.

"ಹೆದರಬೇಡ ಕಣವ್ವ. ನನ್ನ ಕಾಲ ನಡುವೆಯೇ ಬಾ" ಎಂದಳು.

ಮೊಲ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಆ ಕಂಬದಂಥ ಕಾಲುಗಳ ನಡುವೆ ಓಡಾಡಿತು. ಅಷ್ಟು ದೊಡ್ಡ ಮರ, ಅಷ್ಟು ಸಣ್ಣ ಜೀವ, ನಡುವೆ ಒಂದು ಸೊಂಡಿಲು! ಕೊನೆಯ ಮರಿಯೂ ಗೆರೆ ದಾಟಿತು.

"ನರಿಯ ಮಾತು ನಂಬಿದ್ದು ನನ್ನ ತಪ್ಪು. ಇನ್ನೂ ಯಾರಾದರೂ ಇದ್ದೀರಾ? ಇದ್ದರೆ ಕೂಗಿ. ನೀವು ಬರುವ ತನಕ ಹಿಡಿದಿರುತ್ತೇನೆ" ಎಂದಳು ಆನೆಯಜ್ಜಿ.

ಪೊದೆಯಲ್ಲಿ ನರಿ ಮುದುಡಿ ಕೂತಿತ್ತು. ಮರ ಅದರ ನೆತ್ತಿಯ ಮೇಲೆಯೇ ವಾಲಿತ್ತು. ಕೂಗಿದರೂ, ಓಡಿದರೂ, 'ಅಲ್ಲೇನು ಮಾಡುತ್ತಿದ್ದೆ?' ಎಂದು ಎಲ್ಲರೂ ಕೇಳುತ್ತಾರೆ. ನರಿ ಬಾಯಿ ಮುಚ್ಚಿಕೊಂಡಿತು.

ಆನೆಯಜ್ಜಿ ಮತ್ತೊಮ್ಮೆ ಕೇಳಿದಳು. ಉತ್ತರ ಬರಲಿಲ್ಲ. ಸೊಂಡಿಲು ಸಡಿಲಿಸಿದಳು.

ಧಡಾರ್! ನೆಲ ನಡುಗಿತು. ಹೊಂಡದ ನೀರು ದಡಕ್ಕೆ ಚಿಮ್ಮಿತು. ಎದ್ದ ಧೂಳಿಗೆ ಸೂರ್ಯನೇ ಕಾಣಲಿಲ್ಲ. ಆ ಧೂಳಿನೊಳಗಿಂದ ಒಂದು ಕ್ಷೀಣ ದನಿ ಬಂತು: "ಇದ್ದೀನಿ ಅಜ್ಜಿ... ನಾನಿದ್ದೀನಿ!"

ಆನೆಯಜ್ಜಿ ಕೊಂಬೆ ಎತ್ತಿದಳು. ನರಿಯ ಜೀವ ಉಳಿದಿತ್ತು, ಹಿಂಗಾಲು ಉಳಿದಿರಲಿಲ್ಲ.

"ಕೇಳಿದಾಗ ಒಂದು ಮಾತು ಹೇಳಿದ್ದರೆ ನಿನಗಾಗಿಯೂ ಹಿಡಿದು ನಿಂತಿರುತ್ತಿದ್ದೆನಲ್ಲೋ" ಎಂದು ಆನೆಯಜ್ಜಿ ಕಣ್ಣೀರು ಹಾಕಿದಳು.

ನೀತಿ: ದೊಡ್ಡದನ್ನು ಕೆಡವುವ ಮೊದಲು ಸುತ್ತಲಿನ ಒಂದೊಂದು ಜೀವವೂ ದೂರ ಸರಿದಿದೆಯೇ ಎಂದು ನಾವೇ ನೋಡಬೇಕು, ಬೇರೆಯವರ ಅಪಾಯವನ್ನು ಮುಚ್ಚಿಟ್ಟವನು ಕೊನೆಗೆ ತಾನೇ ಅದರಡಿ ಸಿಕ್ಕಿಕೊಳ್ಳುತ್ತಾನೆ.