ಭದ್ರವ್ವನ ಸುಕ್ಕು, ಪುನುಗಪ್ಪನ ಲೇಪ

ಕೆಂಪು ಮಣ್ಣಿನ ಒಂದು ಕಾಡಿನಲ್ಲಿ ಭದ್ರವ್ವ ಎಂಬ ಮುದಿ ಆನೆ ಇದ್ದಳು. ಹದಿನಾಲ್ಕು ಆನೆಗಳ ಹಿಂಡಿಗೆ ಅವಳೇ ಹಿರಿಯಳು. ಅವಳು ಮುಂದೆ, ಉಳಿದವರೆಲ್ಲ ಹಿಂದೆ. ದಿನಾ ಮಧ್ಯಾಹ್ನ ಕೆರೆಗೆ ಮೊದಲು ಇಳಿಯುವವಳೂ ಅವಳೇ. ಅವಳು ಇಳಿಯದೆ ಬೇರೆ ಯಾರೂ ಇಳಿಯುವ ಪದ್ಧತಿ ಇರಲಿಲ್ಲ. ಕೆಸರಿನಲ್ಲಿ ಚೆನ್ನಾಗಿ ಹೊರಳಿ, ಮೈತುಂಬ ಮಣ್ಣು ಮೆತ್ತಿಕೊಂಡು ಮೇಲೆ ಬಂದ ಮೇಲೆ ದಡದ ನೇರಳೆ ಮರವನ್ನು ಒಮ್ಮೆ ಅಲ್ಲಾಡಿಸುತ್ತಿದ್ದಳು. ಹಣ್ಣು ಉದುರುತ್ತಿತ್ತು. ಮೊಲ, ಹಂದಿ, ಜಿಂಕೆ, ಎಲ್ಲರಿಗೂ ಪಾಲು.

ಈ ಪಾಲು ಕಂಡರೆ ಒಬ್ಬನಿಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅವನು ಪುನುಗಪ್ಪ, ಒಂದು ಪುನುಗು ಬೆಕ್ಕು. ಮೈಯಿಂದ ಘಮ್ಮೆಂದು ವಾಸನೆ ಬರುತ್ತಿತ್ತು. ಅದೊಂದು ಬಿಟ್ಟರೆ ಹೇಳಿಕೊಳ್ಳುವಂಥ ಗುಣ ಅವನಲ್ಲಿ ಇರಲಿಲ್ಲ ಬಿಡಿ. ಅವನ ಕುಲದವರು ಹಗಲೆಲ್ಲ ಮಲಗುತ್ತಾರೆ. ಇವನೂ ಮಲಗುತ್ತಿದ್ದ, ಆದರೆ ಲಾಭ ಇದೆ ಎಂದು ಗೊತ್ತಾದರೆ ನಿದ್ದೆ ತಾನಾಗಿಯೇ ಹಾರಿಹೋಗುತ್ತಿತ್ತು. ನೇರಳೆಯೆಲ್ಲ ತನಗೊಬ್ಬನಿಗೇ ಸಿಗಬೇಕು ಎಂಬುದು ಅವನ ಬಹಳ ದಿನದ ಆಸೆ.

ಒಂದು ದಿನ ಭದ್ರವ್ವ ಒಬ್ಬಳೇ ನೀರು ಕುಡಿಯುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ನಿಂತ.

"ಅವ್ವಾ, ಹೇಳಬಾರದು, ಆದರೂ ನಿಮ್ಮ ಮೇಲಿನ ಪ್ರೀತಿಗೆ ಹೇಳುತ್ತೀನಿ. ಈಚೆಗೆ ನಿಮ್ಮ ಮುಖ ನೋಡಿಕೊಂಡಿದೀರಾ?"

ಅರವತ್ತು ವರ್ಷದಿಂದ ನೋಡಿಕೊಂಡಿಲ್ಲ, ನೋಡುವುದಕ್ಕೆ ಅಲ್ಲೇನಿದೆ ಎಂದಳು ಭದ್ರವ್ವ. ಒಮ್ಮೆ ಬಗ್ಗಿ ನೋಡಿ ಎಂದ ಅವನು. ಪಾಪ, ಬಗ್ಗಿದಳು. ಅವಳು ಬಗ್ಗುತ್ತಿದ್ದಂತೆ ಈ ಕಳ್ಳ ಹಿಂದಿನಿಂದ ಬಾಲದ ತುದಿಯನ್ನು ನೀರಿಗೆ ಬಿಟ್ಟು ಮೆಲ್ಲಗೆ ಅಲ್ಲಾಡಿಸಿದ. ನೀರಿನ ಮೇಲೆ ಅಲೆ ಎದ್ದಿತು. ಒಂದು ಸುಕ್ಕು ಇದ್ದಲ್ಲಿ ಹತ್ತು ಕಂಡವು. ಕೆನ್ನೆ ಜೋಲಾಡಿತು, ಹಣೆ ಉತ್ತ ಹೊಲದ ಹಾಗಾಯಿತು. ಭದ್ರವ್ವನಿಗೆ ಬಿಕ್ಕಳಿಕೆಯೇ ಬಂದುಬಿಟ್ಟಿತು.

ಅವನು ಅಷ್ಟಕ್ಕೇ ಬಿಡಲಿಲ್ಲ. ಇಂಥ ಚರ್ಮದ ಮುದುಕಿ ಇನ್ನು ಎಷ್ಟು ದಿನ ಮುಂದೆ ನಡೆಯುತ್ತಾಳೆ ಎಂದು ಹಿಂಡಿನಲ್ಲಿ ಮಾತು ಶುರುವಾಗಿದೆ ಎಂದು ಕಿವಿಯಲ್ಲಿ ಊದಿದ. ಹಿಂಡಿನಲ್ಲಿ ಅಂಥ ಮಾತೇ ಇರಲಿಲ್ಲ. ಅವರು ಊಟದ ವಿಷಯ ಬಿಟ್ಟು ಬೇರೇನೂ ಮಾತಾಡಿದವರಲ್ಲ. ಆದರೆ ಭದ್ರವ್ವನ ಎದೆಗೆ ಅದು ನಾಟಿತು. ಹಿಂಡಿನ ಮುಂದೆ ನಡೆಯುವುದು ತಪ್ಪಿಹೋದರೆ ತಾನು ಏನು ಮಾಡಲಿ ಎಂದು ಅವಳಿಗೆ ನಿಜವಾಗಿಯೂ ಭಯವಾಯಿತು. ಮಾರನೆಯ ದಿನ ಅವಳೇ ಅವನನ್ನು ಹುಡುಕಿಕೊಂಡು ಹೋಗಿ ಮದ್ದು ಕೇಳಿದಳು.

ಮದ್ದು ಸಿದ್ಧವಾಗಿಯೇ ಇತ್ತು. ದಿಂಡಿಗ ಮರದ ಅಂಟನ್ನು ನೀರಿನಲ್ಲಿ ಕಲಸಿ, ಅದಕ್ಕೆ ತನ್ನ ವಾಸನೆ ಬೆರೆಸಿ, ಎಲೆಯ ದೊನ್ನೆಯಲ್ಲಿ ಇಟ್ಟಿದ್ದ. ಜೊತೆಗೆ ಪಥ್ಯ ಹೇಳಿದ. ಸುಕ್ಕು ಬರುವುದೇ ಕೆಸರಿನಿಂದ, ಆದ್ದರಿಂದ ಕೆರೆಗೆ ಇಳಿಯಬಾರದು. ಲೇಪ ಬಿರಿಯುತ್ತದೆ, ಆದ್ದರಿಂದ ಕಿವಿ ಬೀಸಬಾರದು. ನಗಲೇಬಾರದು. ಇನ್ನು ನೇರಳೆ ಹಣ್ಣು, ಅದು ವೈದ್ಯರಿಗೆ ಸಲ್ಲತಕ್ಕದ್ದು, ಬೇರೆಯವರು ಮುಟ್ಟಿದರೆ ಮದ್ದು ಹತ್ತುವುದಿಲ್ಲ. ಭದ್ರವ್ವ ಎಲ್ಲಕ್ಕೂ ತಲೆ ಆಡಿಸಿದಳು.

ಅವಳ ಮುಖಕ್ಕೂ ಕಿವಿಗೂ ಅಂಟು ಬಳಿದಾಯಿತು. ಒಣಗುತ್ತಾ ಒಣಗುತ್ತಾ ಚರ್ಮ ಬಿಗಿದುಕೊಂಡಿತು. ಆಗ ಪುನುಗಪ್ಪ ಅವಳನ್ನು ಮತ್ತೆ ದಡಕ್ಕೆ ಕರೆದುಕೊಂಡು ಹೋದ. ಈ ಸಲ ಬಾಲವನ್ನು ಮಡಚಿ ಅದರ ಮೇಲೆಯೇ ಕುಳಿತ. ನೀರು ಕದಲಲಿಲ್ಲ. ಮುಖ ನುಣ್ಣಗೆ ಕಂಡಿತು. ಭದ್ರವ್ವನಿಗೆ ಸಂತೋಷಕ್ಕೆ ಅಳು ಬಂತು, ಆದರೆ ಅತ್ತರೂ ಲೇಪ ಕರಗುತ್ತದೆ ಎಂದು ನುಂಗಿಕೊಂಡಳು.

ಅಂದಿನಿಂದ ಹಣ್ಣೆಲ್ಲ ಪುನುಗಪ್ಪನಿಗೆ. ಮೊಲಗಳು ದೂರ ನಿಂತು ನೋಡಿ ವಾಪಸ್ಸು ಹೋದವು. ಭದ್ರವ್ವನಿಗೆ ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಯಾರು ಏನು ಕೇಳಿದರೂ "ಹ್ಞೂಂ" ಎನ್ನುತ್ತಿದ್ದಳು. ಅವ್ವನಿಗೆ ಯಾಕೋ ಕೋಪ ಬಂದಿದೆ ಎಂದುಕೊಂಡ ಹಿಂಡು ಪಿಟ್ಟೆನ್ನಲಿಲ್ಲ. ಮಳೆ ಇನ್ನೂ ಬಂದಿರಲಿಲ್ಲ. ಬಿಸಿಲು ಬೆಂಕಿ ಉಗುಳುತ್ತಿತ್ತು. ಹಿರಿಯಳು ಇಳಿಯದ ಕೆರೆಗೆ ಯಾರೂ ಇಳಿಯುವಂತಿರಲಿಲ್ಲ, ದಡದಲ್ಲಿ ಸೊಂಡಿಲು ಚಾಚಿ ನೀರು ಕುಡಿಯುವುದು ಅಷ್ಟೇ. ಐದನೆಯ ದಿನಕ್ಕೆ ಹದಿನಾಲ್ಕು ಬೆನ್ನುಗಳೂ ಸಿಪ್ಪೆ ಎದ್ದಿದ್ದವು. ಮರಿಗಳು ಉರಿ ತಾಳಲಾರದೆ ಕುಂಯ್‌ಗುಟ್ಟುತ್ತಿದ್ದವು. ಭದ್ರವ್ವನಂತೂ ಕಿವಿ ಬೀಸಲೂ ಆಗದೆ ತಲೆ ತಿರುಗಿ, ಮೊಣಕಾಲೂರಿ ಕೆರೆಯ ದಡದಲ್ಲೇ ಕುಸಿದಳು.

ಅವಳ ತಂಗಿ ನಂಜವ್ವ ಬಾಯಿ ಜೋರಿನವಳು. ಇನ್ನು ತಡೆಯಲಾರೆ ಎಂದು ಮುಂದೆ ಬಂದು, ಏನಾಗಿದೆ ನಿನಗೆ ಅಂತ ನೇರವಾಗಿ ಕೇಳಿದಳು. ಭದ್ರವ್ವ ತುಟಿ ಅಲ್ಲಾಡಿಸದೆ ಗೊಣಗುಟ್ಟುತ್ತಾ ಎಲ್ಲ ಹೇಳಿದಳು. ಎಲ್ಲಿ, ಆ ಹೊಸ ಮುಖ ತೋರಿಸು ಎಂದಳು ನಂಜವ್ವ. ಅಕ್ಕತಂಗಿ ಇಬ್ಬರೂ ನೀರಿಗೆ ಬಗ್ಗಿದರು. ಅವರ ನಡುವೆ ಒಂದು ವರ್ಷದ ಮರಿಯೂ ತೂರಿ ಇಣುಕಿತು.

ಅಲ್ಲೇ ಪಕ್ಕದಲ್ಲಿ ಪುನುಗಪ್ಪ ಹೊಟ್ಟೆ ಬಿರಿಯ ತಿಂದು ಗೊರಕೆ ಹೊಡೆಯುತ್ತಿದ್ದ. ಬಾಲ ಜಾರಿ ನೀರಿಗೆ ಬಿದ್ದಿತ್ತು. ನೊಣ ಕೂತಾಗಲೆಲ್ಲ ಅದು ಆಡುತ್ತಿತ್ತು. ನೀರಿನಲ್ಲಿ ಅಲೆ ಎದ್ದಿತು. ಭದ್ರವ್ವನ ಮುಖ ಮತ್ತೆ ಜೋಲಿತು. ನಂಜವ್ವನದೂ ಜೋಲಿತು. ಮರಿಯ ಮುಖ ನೋಡಿದರೆ ಅದೂ ನೂರು ವರ್ಷದ ಮುದುಕನ ಹಾಗೆ ಸುಕ್ಕುಗಟ್ಟಿತ್ತು.

"ಅಕ್ಕಾ, ಈ ಮಗೀಗೂ ಮುಪ್ಪು ಬಂತಲ್ಲೇ," ಎಂದಳು ನಂಜವ್ವ.

ಇಬ್ಬರೂ ಒಟ್ಟಿಗೆ ಬಾಲದ ಕಡೆ ನೋಡಿದರು. ಭದ್ರವ್ವನಿಗೆ ಎಲ್ಲ ತಿಳಿಯಿತು. ಮೊದಲು ನಾಚಿಕೆಯಾಯಿತು. ಆಮೇಲೆ ನಗು ಬಂತು. ಐದು ದಿನ ತಡೆದಿಟ್ಟ ನಗು, ಕೇಳಬೇಕೇ? ಅಂಟು ಚಟಚಟ ಬಿರಿದು ಹಪ್ಪಳದ ಹಾಗೆ ಉದುರಿತು. ಕಿವಿಗಳು ಬಿಡಿಸಿಕೊಂಡವು.

"ವಯಸ್ಸಾದರೆ ಚರ್ಮ ಸಡಿಲ ಆಗುತ್ತೆ, ಬಿಸಿಲಿಗೆ ಒಣಗುತ್ತೆ. ಅದಕ್ಕೇ ತಾನೆ ಕೆಸರು, ನೀರು, ನೆರಳು? ಆ ಸುಕ್ಕಿನೊಳಗೇ ನೀರು ನಿಲ್ಲೋದು, ಮೈ ತಂಪಾಗಿರೋದು," ಎಂದು ನಂಜವ್ವ ಬೈದಳು. "ಇನ್ನು ಹಿಂಡಿನ ಮುಂದೆ ನಡೆಯೋ ಮಾತು. ನೀರು ಎಲ್ಲಿದೆ ಅಂತ ನಿನಗೆ ಗೊತ್ತು, ಅದಕ್ಕೆ ನಿನ್ನ ಹಿಂದೆ ಬರ್ತೀವಿ. ಹಿಂದೆ ಬರೋರಿಗೆ ನಿನ್ನ ಮುಖ ಎಲ್ಲಿ ಕಾಣುತ್ತೆ? ಕಾಣೋದು ಬಾಲ."

ಭದ್ರವ್ವ ಕೆರೆಗೆ ಇಳಿದಳು. ಹಿಂದೆಯೇ ಹಿಂಡೆಲ್ಲ ಇಳಿಯಿತು. ಕೆರೆ ಉಕ್ಕಿ ಪುನುಗಪ್ಪ ನೆನೆದು ಎದ್ದ. ಓಡುವಷ್ಟರಲ್ಲಿ ಸೊಂಡಿಲು ಸೊಂಟಕ್ಕೆ ಸುತ್ತಿತ್ತು. ನನಗಾಗಿ ನೀನು ಇಷ್ಟು ಕಷ್ಟಪಟ್ಟೆ, ನಿನ್ನ ಚರ್ಮವನ್ನೂ ನೋಡಿಕೊಳ್ಳಬೇಡವೇ ಎಂದು ಭದ್ರವ್ವ ಬಹಳ ಮರ್ಯಾದೆಯಿಂದ ಹೇಳಿ, ದೊನ್ನೆಯಲ್ಲಿ ಉಳಿದ ಅಂಟನ್ನು ಅವನ ಮೂತಿಯಿಂದ ಬಾಲದವರೆಗೆ ಬಳಿದು ಬಿಸಿಲಿನ ಬಂಡೆಯ ಮೇಲೆ ಕೂರಿಸಿದಳು. ಅಂಟು ಒಣಗಿದ ಮೇಲೆ ನೇರಳೆ ಮರ ಅಲ್ಲಾಡಿಸಿದಳು. ಹಣ್ಣು ಅವನ ಮೂಗಿನ ಮುಂದೆಯೇ ಬಿತ್ತು. ಬಾಯಿ ತೆರೆಯಲು ಆಗಲಿಲ್ಲ. ಮೊಲಗಳು ಬಂದು ಅವನ ಸುತ್ತಲೇ ಕುಳಿತು ನಿಧಾನವಾಗಿ ತಿಂದವು.

ಸಂಜೆಗೆ ಅವನು ಕಣ್ಣಿನಲ್ಲೇ ಕೆರೆಯ ಕಡೆ ಸನ್ನೆ ಮಾಡಿ ಬೇಡಿಕೊಂಡ. ನಂಜವ್ವ ಅವನನ್ನು ಎತ್ತಿ ಕೆಸರಿಗೆ ಬಿಟ್ಟಳು. ತಾನೇ ಬೇಡವೆಂದ ಕೆಸರಿನಲ್ಲಿ ಪುನುಗಪ್ಪ ಹೊರಳಿ ಹೊರಳಿ ನೆನೆದ. ಅಂಟು ಬಿಟ್ಟಿತು, ಅದರ ಜೊತೆ ಅರ್ಧ ಕೂದಲೂ ಬಿಟ್ಟಿತು. ನಡುಗುತ್ತಾ ದಡಕ್ಕೆ ಬಂದು, ಮುಖ ಏನಾಗಿದೆಯೋ ಎಂದು ನೀರಿಗೆ ಬಗ್ಗಿದ.

ಭದ್ರವ್ವ ಹಿಂದಿನಿಂದ ಸೊಂಡಿಲಿನ ತುದಿಯನ್ನು ಮೆಲ್ಲಗೆ ನೀರಿಗೆ ಬಿಟ್ಟು ಅಲ್ಲಾಡಿಸಿದಳು.

"ಪುನುಗಪ್ಪಾ, ಹೇಳಬಾರದು, ಆದರೂ ನಿನ್ನ ಮೇಲಿನ ಪ್ರೀತಿಗೆ ಹೇಳುತ್ತೀನಿ," ಎಂದಳು. "ನಿನಗೂ ವಯಸ್ಸಾಯಿತು ಕಣಪ್ಪ."

ನೀತಿ: ವಯಸ್ಸಾದ ಚರ್ಮ ಸುಕ್ಕಾಗುವುದು ಸಹಜ, ಅದನ್ನು ಬಿಸಿಲಿನಿಂದ ಕಾಪಾಡಿ, ಒಣಗದಂತೆ ನೋಡಿಕೊಳ್ಳಬೇಕು. ಮುಖದ ಬಗ್ಗೆ ಹೆದರಿಸಿ ಮದ್ದು ಕೊಡಲು ಬಂದವನ ಬಾಲ ಎಲ್ಲಿದೆ ಎಂದು ಮೊದಲು ನೋಡಬೇಕು.